ಸೂಪರ್‌ಚಾರ್ಜರ್ ಕಾರಿಗೆ ‘ರೇಸಿಂಗ್ ಆಯಿಲ್’ ಎಂಬ ಮಾತು ನಂಬಿ ನಾನು ಕೆಟ್ಟೆ

ಮೋಸ ಹೋದದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಏಕೆಂದರೆ ಅದರಿಂದ ತಪ್ಪಿಸಿಕೊಳ್ಳಲು ಬೇಕಾಗಿದ್ದ ಪುಸ್ತಕ, ಅಂದರೆ ಕಾರಿನ ಮ್ಯಾನ್ಯುಯಲ್, ಎರಡು ವರ್ಷಗಳಿಂದ ನನ್ನ ಕಾರಿನ ಗ್ಲೋವ್ ಬಾಕ್ಸಿನಲ್ಲೇ ಬಿದ್ದಿತ್ತು. ಆದರೂ ಬರೆಯುತ್ತಿದ್ದೇನೆ, ಇಂಥ ಗಾಡಿ ಇಟ್ಟುಕೊಂಡವರು ಬೆಂಗಳೂರಿನಲ್ಲಿ ಇನ್ನೂ ಹಲವರಿದ್ದಾರೆ, ನನಗೆ ಈ ಆಯಿಲ್ ಹಾಕಿದ ಗ್ಯಾರೇಜಿನವರು ಅವರಿಗೂ ಇದೇ ಕಥೆ ಹೇಳದೆ ಬಿಡುವವರಲ್ಲ.

ನನ್ನದು 2009ರ ಮರ್ಸಿಡಿಸ್ ಸಿ 200 ಕಂಪ್ರೆಸರ್; ನಾನು ಅದರ ಮೂರನೆಯ ಮಾಲೀಕ. ಕಂಪ್ರೆಸರ್ ಎಂದರೆ ಇಲ್ಲಿ ಸೂಪರ್‌ಚಾರ್ಜರ್ ಎಂದೇ ಅರ್ಥ (ಎ.ಸಿ. ಕಂಪ್ರೆಸರ್ ಎಂದುಕೊಂಡು ಗ್ಯಾಸ್ ಚೆಕ್ ಮಾಡಲು ಹೊರಟ ಮೆಕ್ಯಾನಿಕ್ ಒಬ್ಬರನ್ನೂ ಕಂಡಿದ್ದೇನೆ). 1.8 ಲೀಟರಿನ ಎಂಜಿನ್ನಿಗೆ ಬೆಲ್ಟಿನಿಂದ ತಿರುಗುವ ಈ ಯಂತ್ರ ಗಾಳಿಯನ್ನು ಒತ್ತಿ ತುಂಬುವುದರಿಂದಲೇ 184 ಅಶ್ವಶಕ್ತಿ ಬರುತ್ತದೆ. ಹೊಸ ಗ್ಯಾರೇಜಿನ ಮಾಲೀಕರು ಬಾನೆಟ್ ಎತ್ತಿ ನೋಡಿ, “ಸಾರ್, ಇದು ಸೂಪರ್‌ಚಾರ್ಜರ್ ಗಾಡಿ, ಮಾಮೂಲಿ ಆಯಿಲ್ ಹಾಕಿದ್ರೆ ಬ್ಲೋವರ್ ಸುಟ್ಟೋಗುತ್ತೆ, ರೇಸಿಂಗ್ ಆಯಿಲೇ ಬೇಕು” ಎಂದರು (ಬ್ಲೋವರ್ ಎಂದರೂ ಇದೇ ಸೂಪರ್‌ಚಾರ್ಜರ್). ಲೀಟರಿಗೆ 2,200 ರೂಪಾಯಿ, ಜೊತೆಗೆ 3,500 ರೂಪಾಯಿಗೆ ‘ಸೂಪರ್‌ಚಾರ್ಜರ್ ಟ್ರೀಟ್‌ಮೆಂಟ್’. ನಾನು ಒಪ್ಪಿದೆ. ಒಪ್ಪಿ, ಗಾಜಿನ ಕೋಣೆಯಲ್ಲಿ ಕೂತು ಅವರು ಕೊಟ್ಟ ಕಾಫಿ ಕುಡಿದೆ, ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತೆಂದಾಗ 25,000 ದಾಟಿದ ಬಿಲ್ಲನ್ನು ಎರಡನೆಯ ಸಲ ನೋಡದೆ ಹಣ ಕಳಿಸಿದೆ.

ಎರಡು ವಾರಗಳಾದ ಮೇಲೆ, ಡಿಸೆಂಬರಿನ ಚಳಿಯ ಬೆಳಗ್ಗೆಗಳಲ್ಲಿ, ಸ್ಟಾರ್ಟ್ ಮಾಡಿದೊಡನೆ ಎಂಜಿನ್ನಿನ ಮುಂಭಾಗದಿಂದ ಎರಡು ಮೂರು ಸೆಕೆಂಡು ಕಟಕಟ ಸದ್ದು ಬರತೊಡಗಿತು. ಅನುಮಾನ ಬಂದು ಬಾನೆಟ್ ಎತ್ತಿದೆ. ಅವರೇ ಕಟ್ಟಿದ್ದ ಆಯಿಲ್ ಚೇಂಜ್ ಕಾರ್ಡು ಒಳಗೆ ತೂಗುತ್ತಿತ್ತು. ಅದರ ಮೇಲೆ ಯಾವನೋ ಹುಡುಗ ನೀಲಿ ಬಾಲ್ ಪೆನ್ನಿನಲ್ಲಿ ಪ್ರಾಮಾಣಿಕವಾಗಿ ‘20ಡಬ್ಲ್ಯು-50’ ಎಂದು ಬರೆದಿದ್ದ. ಬಿಲ್ಲಿನಲ್ಲಿ ಇದ್ದದ್ದು ‘5ಡಬ್ಲ್ಯು-40 ರೇಸಿಂಗ್’ (ಈ ಅಂಕಿಗಳು ಆಯಿಲಿನ ದಪ್ಪ ಹೇಳುತ್ತವೆ; ಅಂಕಿ ಹೆಚ್ಚಿದಷ್ಟೂ ಆಯಿಲ್ ದಪ್ಪ). ಬಿಲ್ಲನ್ನು ಒಂದು ಕೈಯಲ್ಲಿ, ಆ ಕಾರ್ಡನ್ನು ಇನ್ನೊಂದು ಕೈಯಲ್ಲಿ ಹಿಡಿದು ಪಾರ್ಕಿಂಗಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಆಗಲೇ ಕಣ್ಣಿಗೆ ಬಿದ್ದದ್ದು, ಬಿಲ್ಲಿನಲ್ಲಿ ಏಳು ಲೀಟರ್ ಆಯಿಲ್ ಇದೆ ಎಂಬುದು. ಈ ಎಂಜಿನ್ನಿಗೆ ಫಿಲ್ಟರ್ ಸಮೇತ ಹಿಡಿಯುವುದು ಐದೂವರೆ ಲೀಟರ್.

ಫೋನ್ ಮಾಡಿದಾಗ ಬಂದ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲು, “ಕಾರ್ಡಲ್ಲಿ ಹುಡುಗ ತಪ್ಪು ಬರ್ದಿರ್ತಾನೆ ಸಾರ್.” ಖಾಲಿ ಡಬ್ಬಗಳನ್ನು ತೋರಿಸಿ ಎಂದೆ. “ಅವೆಲ್ಲ ಗುಜರಿಗೆ ಹೋಯ್ತು.” ಸದ್ದಿನ ವಿಚಾರ ಎತ್ತಿದ ಮೇಲೆ ಮಾತು ತಿರುಗಿತು: “ನಮ್ಮ ಊರಿನ ಸೆಕೆಗೆ ದಪ್ಪ ಆಯಿಲೇ ಒಳ್ಳೇದು ಸಾರ್, ಹಳೇ ಬುಲೆಟ್‌ಗೂ ಅದನ್ನೇ ಹಾಕ್ತೀವಿ, ಇಲ್ಲಿತನಕ ಒಬ್ರೂ ಕಂಪ್ಲೇಂಟ್ ಮಾಡಿಲ್ಲ.” ಅಂದರೆ ಹುಡುಗ ಬರೆದದ್ದು ತಪ್ಪಲ್ಲವೆಂದು ಅವರೇ ಒಪ್ಪಿಕೊಂಡಂತಾಯಿತು! ನನ್ನ ಕಾರು ಬುಲೆಟ್ ಅಲ್ಲ. ಇದರ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಶನರ್ ಮತ್ತು ವಾಲ್ವ್ ತೆರೆಯುವ ಹೊತ್ತನ್ನು ಹೊಂದಿಸುವ ಕ್ಯಾಮ್ ಅಡ್ಜಸ್ಟರ್‌ಗಳು ಕೆಲಸ ಮಾಡುವುದೇ ಆಯಿಲಿನ ಒತ್ತಡದಿಂದ. ತಣ್ಣಗಿರುವಾಗ ಬೇಗ ಹರಿಯದ ದಪ್ಪ ಆಯಿಲ್ ಅಲ್ಲಿಗೆ ತಲುಪುವುದು ತಡವಾಗುತ್ತದೆ, ಮತ್ತು ಈ ಎಂಜಿನ್ನಿನ ಚೈನು ಮೊದಲೇ ಜಗ್ಗುವುದಕ್ಕೆ ಹೆಸರಾದದ್ದು. ಚೈನು ನನ್ನ ಕೈಗೆ ಬರುವ ಮೊದಲೇ ಸ್ವಲ್ಪ ಸವೆದಿರಬಹುದು, ಎಲ್ಲವನ್ನೂ ಆಯಿಲಿನ ತಲೆಗೆ ಕಟ್ಟಲಾರೆ. ಆದರೆ ಸದ್ದು ಶುರುವಾದದ್ದು ಇದನ್ನು ಹಾಕಿದ ಮೇಲೆಯೇ.

ಆ ‘ಟ್ರೀಟ್‌ಮೆಂಟ್’ ಇನ್ನೂ ದೊಡ್ಡ ನಾಟಕ. ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಟಾರ್ಚ್ ಬಿಟ್ಟು, ಸೂಪರ್‌ಚಾರ್ಜರಿನ ಬೋಲ್ಟುಗಳ ಮೇಲೆ ಬೆರಳಾಡಿಸಿ, ವರ್ಷಗಳ ಧೂಳೂ ಜಿಡ್ಡೂ ಸೇರಿದ ಕಪ್ಪು ಬೆರಳನ್ನು ನನ್ನ ಮುಂದೆ ಹಿಡಿದರು. ಯಾರೂ ಮುಟ್ಟಿಯೇ ಇರಲಿಲ್ಲ. ಹೊರಹೋಗುವ ಹೊಗೆಯ ರಭಸದಿಂದ ತಿರುಗುವ ಟರ್ಬೊ ಆದರೆ ಅದರ ಬೇರಿಂಗಿಗೆ ಎಂಜಿನ್ ಆಯಿಲೇ ಹೋಗುತ್ತದೆ. ನನ್ನ ಕಾರಿನಲ್ಲಿರುವ ಈಟನ್ ಸೂಪರ್‌ಚಾರ್ಜರಿನ ಗೇರುಗಳಿಗೆ ಅದರದೇ ಮುಚ್ಚಿದ ಕೋಣೆಯಲ್ಲಿ ಅದರದೇ ಆಯಿಲ್ ಇರುತ್ತದೆ. ಎಂಜಿನ್ನಿಗೆ ಮಾಮೂಲಿ ಆಯಿಲ್ ಹಾಕಿದರೆ ಬ್ಲೋವರ್ ಸುಟ್ಟುಹೋಗುತ್ತದೆ ಎಂಬ ಮಾತೇ ಹಸಿ ಸುಳ್ಳು. ಆ ಸುಳ್ಳಿಗೆ ನಾನು ತಲೆಯಾಡಿಸಿದ್ದೆ.

ಇಂಥ ಗಾಡಿ ಇರುವವರು ‘ರೇಸಿಂಗ್’, ‘ಪರ್ಫಾರ್ಮೆನ್ಸ್’ ಎಂಬ ಪದಗಳನ್ನು ಕಿವಿಗೆ ಹಾಕಿಕೊಳ್ಳಬೇಡಿ, ಮ್ಯಾನ್ಯುಯಲ್ಲಿನ ಆಯಿಲ್ ಪುಟ ತೆಗೆಯಿರಿ. ನಾನೀಗ ಹಾಕಿಸಿರುವುದು ಎಂಬಿ 229.5 (ಮರ್ಸಿಡಿಸ್‌ನವರದೇ ಆಯಿಲ್ ಮಾನದಂಡ) ಒಪ್ಪಿಗೆಯ 5ಡಬ್ಲ್ಯು-40. ಡಬ್ಬದ ಹಿಂದೆ ‘229.5ಕ್ಕೆ ಸೂಕ್ತ’ ಎಂದಿದ್ದರೆ ಅದು ಆಯಿಲ್ ಕಂಪನಿಯ ಸ್ವಂತ ಮಾತು; ‘ಅಪ್ರೂವಲ್’ ಎಂದಿದ್ದರೆ ಕಾರಿನ ಕಂಪನಿ ಪರೀಕ್ಷಿಸಿ ಒಪ್ಪಿದ್ದು. ಸೀಲು ನಿಮ್ಮ ಕಣ್ಣೆದುರೇ ಒಡೆಯಲಿ, ಖಾಲಿ ಡಬ್ಬ ಮನೆಗೆ ಬರಲಿ, ಅವರ ಕಾಫಿ ಅವರಿಗೇ ಇರಲಿ.

ಆಯಿಲ್ ಬದಲಿಸಿದ ಮೇಲೆ ಸದ್ದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಚೈನು ಬಿಚ್ಚಿ ನೋಡಬೇಕು ಎಂದು ಆ ಪರಿಚಯದ ಮೆಕ್ಯಾನಿಕ್ ಹೇಳಿದ್ದಾರೆ. ಹಣ ವಾಪಸ್ ಕೇಳಿ ಆ ಗ್ಯಾರೇಜಿಗೆ ಕಳಿಸಿದ ಮೂರು ಸಂದೇಶಗಳಿಗೆ ನಿನ್ನೆ ಒಂದೇ ಉತ್ತರ ಬಂತು: “ಸಾರ್, ನೆಕ್ಸ್ಟ್ ಸರ್ವಿಸ್‌ಗೆ ಬನ್ನಿ, ಹತ್ತು ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀವಿ.”