ಏಳು ರಾತ್ರಿಯ ಬಾಲ್ಟಿಕ್ ಕ್ರೂಸ್: ಊರಿನ ಹೆಸರಲ್ಲ, ದಕ್ಕೆ ಎಲ್ಲಿದೆ ನೋಡಿ

ಕೋಪನ್‌ಹೇಗನ್‌ನಲ್ಲಿ ಹತ್ತಿ ಅಲ್ಲೇ ಇಳಿಯುವ ಏಳು ರಾತ್ರಿಯ ಬಾಲ್ಟಿಕ್ ಕ್ರೂಸ್ ಕೇಳಿದರೆ ಮುಂಬಯಿಯ ಟೂರ್ ಏಜೆಂಟರು ಕೈಗಿಡುವ ಬ್ರೋಷರಿನಲ್ಲಿ ಸಾಮಾನ್ಯವಾಗಿ ಈ ಊರುಗಳಿರುತ್ತವೆ: ಬರ್ಲಿನ್, ಗ್ದಾನ್ಸ್ಕ್, ಟಾಲಿನ್, ಹೆಲ್ಸಿಂಕಿ, ಸ್ಟಾಕ್‌ಹೋಮ್. ಬರ್ಲಿನ್ನಿಗೆ ಸಮುದ್ರವೇ ಇಲ್ಲ. ಹಡಗು ನಿಲ್ಲುವುದು ಜರ್ಮನಿಯ ಕರಾವಳಿಯ ವಾರ್ನೆಮುಂಡೆಯಲ್ಲಿ. ಅಲ್ಲಿಂದ ಬರ್ಲಿನ್ನಿಗೆ ಬಸ್ಸಿನಲ್ಲಿ ಹೋಗಲು ಸುಮಾರು ಮೂರು ಗಂಟೆ, ಬರಲು ಮತ್ತೆ ಮೂರು ಗಂಟೆ. ಹಡಗಿನವರು ಮಾರುವ ಎಕ್ಸ್‌ಕರ್ಷನ್‌ಗಳಲ್ಲಿ, ಅಂದರೆ ದಡದ ಸುತ್ತಾಟಗಳಲ್ಲಿ, ದುಬಾರಿಯಾದವುಗಳ ಸಾಲಿನಲ್ಲಿ ಇದು ಬರುತ್ತದೆ, ದಿನದ ಅರ್ಧ ಸೀಟಿನಲ್ಲೇ ಕಳೆಯುತ್ತದೆ. ಕ್ರೂಸ್ ಟರ್ಮಿನಲ್ಲಿನ ಪಕ್ಕದಲ್ಲೇ ರೈಲ್ವೆ ಸ್ಟೇಷನ್ ಇದೆ. ಇಪ್ಪತ್ತು ನಿಮಿಷ ಚಿಲ್ಲರೆಯಲ್ಲಿ ರೋಸ್ಟಾಕ್ ಸೇರಬಹುದು. ಇಟ್ಟಿಗೆಯ ಹಳೆ ಬಂದರು ಪಟ್ಟಣ ನೋಡಬೇಕೆನ್ನುವವರಿಗೆ ಅದೇ ಸಾಕು.

ಈ ಪ್ರವಾಸ ಕೊಟ್ಟ ದುಡ್ಡಿಗೆ ತೂಗುತ್ತದೆಯೇ ಎಂಬುದನ್ನು ನಿರ್ಧರಿಸುವುದು ಹಡಗಿನ ಈಜುಕೊಳವೂ ಅಲ್ಲ, ಬಫೆಯೂ ಅಲ್ಲ. ದಕ್ಕೆಯಿಂದ ಹಳೆಯ ಪೇಟೆಗೆ ಎಷ್ಟು ದೂರ, ನೆಲದ ಮೇಲೆ ಎಷ್ಟು ಗಂಟೆ, ಇವೆರಡೇ. ಬುಕಿಂಗಿಗೆ ಮೊದಲು ಏಜೆಂಟರಿಂದ ಪ್ರತಿ ಬಂದರಿನ ಟರ್ಮಿನಲ್ ಹೆಸರು, ಬರುವ ಮತ್ತು ಹೊರಡುವ ಸಮಯ ಬರೆಸಿಕೊಳ್ಳಿ. ಸ್ಟಾಕ್‌ಹೋಮ್ ಎಂದು ಬರೆದು ನೀನಾಸ್‌ಹಾಮ್ನ್‌ನಲ್ಲಿ ನಿಲ್ಲಿಸುವ ಹಡಗುಗಳಿವೆ. ಅದು ನಗರದಿಂದ ಸುಮಾರು 60 ಕಿಲೋಮೀಟರ್ ದೂರ. ದೂರದ ಬದ್ಲಾಪುರದಲ್ಲಿ ಇಳಿಸಿ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ ನೋಡಿಬನ್ನಿ ಎಂದಂತೆ. ನಗರದೊಳಗಿನ ದಕ್ಕೆ ಸ್ಟಾಡ್ಸ್‌ಗೋರ್ಡನ್ ಎಂದಿದ್ದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ಹಡಗಿನಿಂದಿಳಿದು ನಡೆದರೆ ಸ್ಲುಸ್ಸೆನ್, ಅಲ್ಲಿಂದ ಫೆರಿಯಲ್ಲಿ ಯೂರ್‌ಗೋರ್ಡನ್ ದ್ವೀಪ, ಅಲ್ಲೇ ವಾಸಾ ಮ್ಯೂಸಿಯಂ. ನಗರದ ಒಳಗೇ ನಿಲ್ಲುವ ಹಡಗು ಹೊರಡುವಾಗ ಮೂರು ನಾಲ್ಕು ಗಂಟೆ ದ್ವೀಪಗಳ ನಡುವೆ ನಿಧಾನವಾಗಿ ಸಾಗುತ್ತದೆ. ಆ ಹೊತ್ತಿಗೆ ಊಟದ ಟೇಬಲ್ ಬುಕ್ ಮಾಡಬೇಡಿ, ಮೇಲಿನ ಡೆಕ್ಕಿನಲ್ಲಿರಿ.

ವಾಸಾ 1628ರ ಆಗಸ್ಟ್ 10ರಂದು ಮೊದಲ ಯಾನದಲ್ಲೇ, ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಮುಳುಗಿದ ಯುದ್ಧನೌಕೆ. ಮೇಲ್ಭಾಗ ಭಾರ, ಒಡಲು ಕಿರಿದು, ಎರಡು ಅಂತಸ್ತು ಫಿರಂಗಿ. ಗಾಳಿಗೆ ವಾಲಿದಾಗ ತೆರೆದಿದ್ದ ಕೆಳಗಿನ ಕಿಂಡಿಗಳಿಂದ ನೀರು ನುಗ್ಗಿತು. 1961ರಲ್ಲಿ ಮೇಲೆತ್ತಿದಾಗ ಮರ ಗಟ್ಟಿಯಾಗಿಯೇ ಇತ್ತು. ಬಾಲ್ಟಿಕ್‌ನ ನೀರಿಗೆ ಉಪ್ಪು ಕಡಿಮೆ, ಹಾಗಾಗಿ ಮರ ಕೊರೆಯುವ ಹಡಗುಹುಳ ಅಲ್ಲಿ ಬಾಳುವುದಿಲ್ಲ. ಮರದ ದೋಣಿಗೆ ಹುಳ ಏನು ಮಾಡುತ್ತದೆಂದು ಕಂಡಿರುವ ನಮ್ಮ ಕರಾವಳಿಯವರಿಗೆ ಈ ಹಡಗಿನ ಬೆಲೆ ಬೇಗ ಅರ್ಥವಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ. ಟೂರ್ ಬಸ್ಸುಗಳು ಬಂದಮೇಲೆ ಕೆಳ ಅಂತಸ್ತಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.

ಇಡೀ ಮಾರ್ಗದಲ್ಲಿ ಪೂರ್ಣ ಅಂಕ ಟಾಲಿನ್ನಿಗೆ. ಎಕ್ಸ್‌ಕರ್ಷನ್ ಬೇಡವೇ ಬೇಡ. ಟರ್ಮಿನಲ್ಲಿನಿಂದ ಇಪ್ಪತ್ತು ನಿಮಿಷ ನಡೆದರೆ ‘ದಪ್ಪ ಮಾರ್ಗರೆಟ್’ ಎಂಬ ದುಂಡನೆಯ ಬುರುಜು. ಒಳಗಿನ ಕಡಲ ಮ್ಯೂಸಿಯಂನಲ್ಲಿ 2015ರಲ್ಲಿ ಅದೇ ಊರಿನ ಮಣ್ಣಿನಡಿ ಸಿಕ್ಕಿದ 14ನೇ ಶತಮಾನದ ಸರಕು ಹಡಗಿದೆ. ಅದರಾಚೆ ಪಿಕ್ ಬೀದಿ. ಇಲ್ಲಿ ತಲೆಯೆತ್ತಿ ನಡೆಯಿರಿ: ವರ್ತಕರ ಮನೆಗಳ ತುದಿಗೋಡೆಯಿಂದ ಮರದ ತೊಲೆಯೊಂದು ಹೊರಗೆ ಚಾಚಿರುತ್ತದೆ. ಅದಕ್ಕೆ ರಾಟೆ ಕಟ್ಟಿ ಉಪ್ಪು, ಧಾನ್ಯದ ಮೂಟೆಗಳನ್ನು ಅಟ್ಟಕ್ಕೆ ಎಳೆಯುತ್ತಿದ್ದರು. ಕೆಳಗೆ ಮನೆ ಮತ್ತು ವ್ಯವಹಾರ, ಮೇಲೆ ಗೋದಾಮು. ಚೌಕದಲ್ಲಿ 1404ರಲ್ಲಿ ಮುಗಿದ ಪುರಭವನ, ಮೂಲೆಯಲ್ಲಿ 1422ರ ದಾಖಲೆಯಲ್ಲೇ ಕಾಣಿಸಿಕೊಳ್ಳುವ ಔಷಧಿ ಅಂಗಡಿ. ರಸ್ತೆಗೆಲ್ಲ ಉರುಟು ಕಲ್ಲು ಹಾಸಿದ್ದಾರೆ. ಮಂಡಿನೋವಿನವರು ಕೋಲು ಒಯ್ಯಲಿ, ಚಪ್ಪಲಿ ಬೇಡ, ದಪ್ಪ ಅಟ್ಟೆಯ ಶೂ ಇರಲಿ. ಗಾಲಿಕುರ್ಚಿ ತಳ್ಳುವುದು ನಿಜಕ್ಕೂ ಕಷ್ಟ.

ಗ್ದಾನ್ಸ್ಕ್‌ಗೆ ಹೋಗುವ ದೊಡ್ಡ ಹಡಗುಗಳು ಸಾಮಾನ್ಯವಾಗಿ ನಿಲ್ಲುವುದು ಗ್ಡಿನಿಯಾದ ಸರಕು ಬಂದರಿನಲ್ಲಿ. ಅಲ್ಲಿ ನಡೆಯುವಂತಿಲ್ಲ. ಶಟಲ್ ಬಸ್ಸಿನಲ್ಲಿ ಊರಿನೊಳಗೆ ಬಂದು, ಲೋಕಲ್ ರೈಲು ಹಿಡಿದರೆ ಮುಕ್ಕಾಲು ಗಂಟೆಯೊಳಗೆ ಗ್ದಾನ್ಸ್ಕ್. ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಕೈಯಲ್ಲಿ ಟಿಕೆಟಿದ್ದೂ ದಂಡ. ನದಿದಂಡೆಯ 15ನೇ ಶತಮಾನದ ಮರದ ಕ್ರೇನ್ ನೋಡಲೇಬೇಕು: ದೊಡ್ಡ ಚಕ್ರಗಳೊಳಗೆ ಆಳುಗಳು ನಡೆದು ಸರಕು ಎತ್ತುತ್ತಿದ್ದರು, ಹಡಗಿನ ಕೂವೆಮರ ನಿಲ್ಲಿಸುತ್ತಿದ್ದರು. 1945ರಲ್ಲಿ ಸುಟ್ಟುಹೋದದ್ದನ್ನು ಮತ್ತೆ ಕಟ್ಟಿದ್ದಾರೆ. ಹೆಲ್ಸಿಂಕಿಯಲ್ಲಿ ಸಮಯ ಕಡಿಮೆಯಿದ್ದರೆ ಮಾರ್ಕೆಟ್ ಚೌಕದಿಂದ ಕಾಲು ಗಂಟೆಯ ಫೆರಿ ಹಿಡಿದು ಸುವೊಮೆನ್‌ಲಿನ್ನಾ ಕೋಟೆಗೆ ಹೋಗಿ, ಅಷ್ಟೇ.

ಸ್ವೀಡನ್ನಿನ ಗೋಟ್‌ಲಂಡ್ ದ್ವೀಪದ ವಿಸ್ಬಿ ಪಟ್ಟಿಯಲ್ಲಿದ್ದರೆ ಇನ್ನೂ ಒಳ್ಳೆಯದು, ಸುಮಾರು 3.4 ಕಿಲೋಮೀಟರ್ ಊರಗೋಡೆ ಇಂದಿಗೂ ನಿಂತಿದೆ. ಆದರೆ ಗಾಳಿ ಎದ್ದರೆ ಕ್ಯಾಪ್ಟನ್ ಬಂದರನ್ನು ಬಿಟ್ಟು ಮುಂದೆ ಹೋಗುತ್ತಾರೆ, ಆಗ ಸಾಮಾನ್ಯವಾಗಿ ವಾಪಸ್ ಸಿಗುವುದು ಬಂದರು ಶುಲ್ಕ ಮಾತ್ರ.

ಈ ಊರುಗಳ ಸಿರಿಗೆ ಮೀನೂ ಒಂದು ಮೂಲ. ಮಧ್ಯಯುಗದಲ್ಲಿ ಜರ್ಮನಿಯ ಲ್ಯೂನೆಬರ್ಗಿನ ಉಪ್ಪು ಲ್ಯೂಬೆಕ್ ಮೂಲಕ ಈಗಿನ ಸ್ವೀಡನ್ನಿನ ದಕ್ಷಿಣ ತೀರಕ್ಕೆ ಹೋಗಿ, ಉಪ್ಪು ಹಾಕಿದ ಹೆರಿಂಗ್ ಮೀನಿನ ಪೀಪಾಯಿಗಳಾಗಿ ಯುರೋಪಿಗೆಲ್ಲ ಹರಡುತ್ತಿತ್ತು. ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧ, ಮೀನಿಗೆ ಭಾರಿ ಬೇಡಿಕೆ. ಹೆರಿಂಗ್ ನಮ್ಮ ಭೂತಾಯಿಯ ಬಳಗದ್ದೇ. ಮೀನು ತಿನ್ನುವವರು ದಡದಲ್ಲಿ ರೈ ಬ್ರೆಡ್ಡಿನೊಂದಿಗೆ ಒಮ್ಮೆ ತಿನ್ನಿ. ಸಿಹಿ ಹುಳಿಯ ಆ ರುಚಿ ನಮ್ಮ ನಾಲಿಗೆಗೆ ಹಿಡಿಸಲು ಎರಡು ತುತ್ತು ಬೇಕು. ಸಸ್ಯಾಹಾರಿಗಳೂ ಜೈನ ಊಟ ಬೇಕೆನ್ನುವವರೂ ಬುಕಿಂಗಿನಲ್ಲೇ ಬರೆಸಿ, ಮೊದಲ ರಾತ್ರಿ ಡೈನಿಂಗ್ ಹಾಲಿನ ಮುಖ್ಯಸ್ಥರಿಗೆ ಮತ್ತೊಮ್ಮೆ ಹೇಳಿ. ಮನೆಯಿಂದ ತುಪ್ಪ, ಪೇಡೆ ಕಟ್ಟಿಕೊಳ್ಳಬೇಡಿ. ಹಾಲಿನ ಪದಾರ್ಥ, ಮಾಂಸ ಯುರೋಪಿನ ಕಸ್ಟಮ್ಸ್ ದಾಟುವುದಿಲ್ಲ. ಚಟ್ನಿಪುಡಿ, ಅವಲಕ್ಕಿ ಆಗುತ್ತದೆ.

ಇವೆಲ್ಲ ಷೆಂಗೆನ್ ದೇಶಗಳೇ, ಒಂದೇ ವೀಸಾ. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ವಿಮೆ ಕನಿಷ್ಠ 30,000 ಯೂರೋ. ಸೌತಾಂಪ್ಟನ್‌ನಿಂದ ಹೊರಡುವ ಹಡಗಾದರೆ ಬ್ರಿಟನ್ ವೀಸಾವೂ ಬೇಕು. ವಿಮಾನವನ್ನು ಹಡಗು ಹೊರಡುವ ಹಿಂದಿನ ದಿನಕ್ಕೇ ಮಾಡಿ.

ಗಡಿಯಾರದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಫಿನ್‌ಲೆಂಡ್, ಎಸ್ಟೋನಿಯಾ ಸ್ವೀಡನ್ನಿಗಿಂತ ಒಂದು ಗಂಟೆ ಮುಂದೆ. ಹೆಲ್ಸಿಂಕಿಯ ನಂತರ ಸ್ಟಾಕ್‌ಹೋಮ್‌ನಲ್ಲೂ ಹಡಗು ಫಿನ್‌ಲೆಂಡ್ ಸಮಯವನ್ನೇ ಇಟ್ಟುಕೊಂಡಿದ್ದರೆ, ತಾನಾಗಿ ಬದಲಾಗುವ ನಿಮ್ಮ ಫೋನು ಒಂದು ಗಂಟೆ ಹಿಂದಿರುತ್ತದೆ. ಆದ್ದರಿಂದ ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಳ್ಳಿ. ಫೋನನ್ನು ಹಡಗು ಕದಲುವ ಮೊದಲೇ ಫ್ಲೈಟ್ ಮೋಡಿಗೆ ಹಾಕಿ. ನಡುಗಡಲಲ್ಲಿ ಅದು ಹಡಗಿನ ನೆಟ್‌ವರ್ಕ್ ಹಿಡಿದರೆ ಮಾಮೂಲಿ ರೋಮಿಂಗ್ ಪ್ಯಾಕು ಬಹುಪಾಲು ಲೆಕ್ಕಕ್ಕೆ ಬರುವುದಿಲ್ಲ, ಬಿಲ್ಲು ಬೇರೆಯೇ ಬರುತ್ತದೆ.