ಪ್ಯಾರಾಗ್ಲೈಡಿಂಗ್ ಇನ್ಶೂರೆನ್ಸ್: ಥರ್ಡ್ ಪಾರ್ಟಿ ಚೆನ್ನಾಗಿದೆ, ರಕ್ಷಣಾ ಪಾಲಿಸಿ ಸತಾಯಿಸಿತು

ಮ್ಯೂನಿಕ್‌ಗೆ ಬಂದು ಪ್ಯಾರಾಗ್ಲೈಡಿಂಗ್ ಕಲಿತ ವರ್ಷದಿಂದ ನನ್ನ ಹತ್ತಿರ ಎರಡು ಪಾಲಿಸಿ ಇವೆ. ಒಂದು ಥರ್ಡ್ ಪಾರ್ಟಿ, ಅಂದರೆ ನನ್ನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ. ಇನ್ನೊಂದು, ಬೆಟ್ಟದಲ್ಲಿ ಸಿಕ್ಕಿಕೊಂಡರೆ ಕೆಳಗಿಳಿಸಿ ತರುವ ಖರ್ಚಿಗೆ. ಇಲ್ಲಿನ ಕೆಲವು ಕನ್ನಡಿಗ ಗೆಳೆಯರು ಈಗ ಹಾರಲು ಶುರು ಮಾಡಿದ್ದಾರೆ. ಫ್ಲೈ-ಇನ್‌ಗೆ, ಅಂದರೆ ಹಾರುವವರೆಲ್ಲ ಒಂದೆಡೆ ಸೇರಿ ಹಾರುವ ಕೂಟಕ್ಕೆ, ಹೋಗಲು ಯಾವ ಇನ್ಶೂರೆನ್ಸ್ ಬೇಕು ಅಂತ ಪದೇ ಪದೇ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಥರ್ಡ್ ಪಾರ್ಟಿ ಬಗ್ಗೆ ನನ್ನದೇನೂ ದೂರಿಲ್ಲ. ಅದಿಲ್ಲದೆ ಜರ್ಮನಿಯಲ್ಲಿ ಹಾರುವ ಹಾಗೇ ಇಲ್ಲ. ಇಲ್ಲಿನ ಕಾನೂನಿನಲ್ಲಿ 500 ಕಿಲೋಗಿಂತ ಹಗುರವಾದ ವಿಮಾನ, ಗ್ಲೈಡರ್‌ಗಳಿಗೆ ಹೊಣೆಯ ಮೊತ್ತ 7,50,000 ಎಸ್‌ಡಿಆರ್. ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಲೆಕ್ಕದ ಹಣ. ಯೂರೊದಲ್ಲಿ ಹೇಳಬೇಕೆಂದರೆ 9 ಲಕ್ಷದ ಆಸುಪಾಸು. ಸ್ವಿಟ್ಜರ್ಲೆಂಡ್‌ನಲ್ಲಿ 10 ಲಕ್ಷ ಫ್ರಾಂಕ್ ಬೇಕು. ನನ್ನ ಪಾಲಿಸಿ ಎರಡಕ್ಕೂ ಸಾಕಾಗುತ್ತದೆ. ಮನೆಗೆ ಅಂತ ಮಾಡಿಸಿರುವ ಲಯಬಿಲಿಟಿ ಪಾಲಿಸಿ ಇದಕ್ಕೆ ನಡೆಯುವುದಿಲ್ಲ. ಹಾರುವುದನ್ನು ಅದರಲ್ಲಿ ಸಾಮಾನ್ಯವಾಗಿ ಹೊರಗೇ ಇಟ್ಟಿರುತ್ತಾರೆ.

ಇಷ್ಟು ದೊಡ್ಡ ಮೊತ್ತ ಯಾಕೆ ಅಂದರೆ, ನೆಲದ ಮೇಲಿರುವವರಿಗೆ ಏನಾದರೂ ಆದರೆ ತಪ್ಪು ಯಾರದು ಅಂತ ಕಾನೂನು ಕೇಳುವುದಿಲ್ಲ. ಗಾಳಿ ತಿರುಗಿ ರೈತರ ಬೇಲಿ ಮುರಿದರೂ ಅಷ್ಟೆ. ರೆಕ್ಕೆ (ಪ್ಯಾರಾಗ್ಲೈಡರ್‌ನ ಬಟ್ಟೆ) ಯಾರದೋ ಅವರೇ ಕಟ್ಟಿಕೊಡಬೇಕು. ಫ್ಲೈ-ಇನ್‌ನಲ್ಲಂತೂ ಒಂದೇ ಥರ್ಮಲ್‌ನಲ್ಲಿ (ಮೇಲೇರುವ ಬಿಸಿ ಗಾಳಿಯಲ್ಲಿ) ಹತ್ತಾರು ಜನ ಸುತ್ತುತ್ತಿರುತ್ತಾರೆ. ಕೆಳಗೆ ಮಕ್ಕಳು, ಪಾರ್ಕ್ ಮಾಡಿದ ಕಾರು, ಹುಲ್ಲುಗಾವಲಿನಲ್ಲಿ ದನ. ಕಾಗದ ತೋರಿಸಿ ಅಂತ ಸಂಘಟಕರು ಕೇಳುವುದು ಸರಿಯೇ.

ಪ್ರತಿ ಜನವರಿಯಲ್ಲಿ ಹೊಸ ಸರ್ಟಿಫಿಕೇಟ್ ಮೇಲ್‌ನಲ್ಲಿ ಬರುತ್ತದೆ. ಮೊಬೈಲ್‌ನಲ್ಲಿದ್ದರೂ ನಾನು ಪ್ರಿಂಟ್ ತೆಗೆಯುತ್ತೇನೆ. ಬೆಟ್ಟದ ಚಳಿಗೆ ಬ್ಯಾಟರಿ ನಂಬೋಕಾಗಲ್ಲ. ನಾಲ್ಕು ಮಡಿಕೆ ಮಾಡಿ, ಲೈಸೆನ್ಸ್ ಜೊತೆ ಜಿಪ್ ಕವರ್‌ಗೆ ಹಾಕಿ, ಹಾರ್ನೆಸ್‌ನ (ಹಾರುವಾಗ ಕೂರುವ ಪಟ್ಟಿಗಳ ಸೀಟಿನ) ಪಕ್ಕದ ಜೇಬಿನಲ್ಲಿ ಇಡುತ್ತೇನೆ. ಅದೇ ಜೇಬಿನಲ್ಲಿ ತೆಳ್ಳನೆಯ ಉದ್ದ ದಾರದ ಉಂಡೆಯೂ ಇರುತ್ತದೆ. ಮರದಲ್ಲಿ ಸಿಕ್ಕಿಕೊಂಡಾಗ ದಾರ ಕೆಳಗೆ ಬಿಟ್ಟರೆ, ಕೆಳಗಿರುವವರು ಅದಕ್ಕೆ ಹಗ್ಗ ಕಟ್ಟುತ್ತಾರೆ. ಫ್ಲೈ-ಇನ್‌ನ ಬೆಳಿಗ್ಗೆ ನೋಂದಣಿ ಮೇಜಿನ ಮುಂದೆ ಸಾಲು. ಅವರು ನೋಡುವುದು ಹೆಸರು, ಮೊತ್ತ, ಕೊನೆಯ ದಿನಾಂಕ, ಯಾವ ದೇಶಗಳಿಗೆ ಅನ್ವಯ ಅನ್ನುವುದು. ಆಮೇಲೆ ಕೈಗೊಂದು ಪಟ್ಟಿ ಕಟ್ಟುತ್ತಾರೆ. ಆ ಸಾಲಿನಲ್ಲಿ ಕಾಫಿ ಹಿಡಿದು, ಮೋಡ ನೋಡುತ್ತಾ ಅಪರಿಚಿತರ ಜೊತೆ ಗಾಳಿಯ ಬಗ್ಗೆ ಮಾತಾಡುವುದು ನನಗೆ ಹಾರುವಷ್ಟೇ ಇಷ್ಟ.

ಆದರೆ ಆ ಮೇಜಿನಲ್ಲಿ ಯಾರೂ ಕೇಳದ ಎರಡನೇ ಪಾಲಿಸಿಯೇ ನನಗೆ ಬೇಕಾಗಿ ಬಂತು.

ಆಸ್ಟ್ರಿಯಾದ ಟಿರೋಲ್‌ನ ಒಂದು ಫ್ಲೈ-ಇನ್. ಮಧ್ಯಾಹ್ನದ ಹೊತ್ತಿಗೆ ಕಣಿವೆ ಗಾಳಿ ಜೋರಾಯಿತು. ಒಂದು ಹೊಡೆತಕ್ಕೆ ರೆಕ್ಕೆಯ ಒಂದು ಬದಿ ಮಡಚಿಕೊಂಡಿತು, ನಾನು ಸ್ಪ್ರೂಸ್ ಮರಗಳ ಮೇಲೆ ಇಳಿದೆ. ಒಂದು ಗೀರೂ ಆಗಲಿಲ್ಲ. ಕಾಂಡಕ್ಕೆ ನನ್ನನ್ನು ಬಿಗಿದುಕೊಂಡು ಕೂತೆ. ಕಾಡಿಗೆ ಬಿದ್ದದ್ದನ್ನು ಯಾರೋ ನೋಡಿ ಫೋನ್ ಮಾಡಿದ್ದರು. ಮೊದಲು ಹೆಲಿಕಾಪ್ಟರ್ ಬಂದು ಜಾಗ ಹುಡುಕಿತು. ಆಮೇಲೆ ಪರ್ವತ ರಕ್ಷಣಾ ತಂಡದವರು ಮರ ಹತ್ತಿ ಇಳಿಸಿದರು. ಅವರ ಋಣ ದೊಡ್ಡದು.

ಕೆಲವು ವಾರಗಳ ಮೇಲೆ ಬಿಲ್ ಬಂತು, ಸಾವಿರಗಳ ಯೂರೊ ಲೆಕ್ಕದಲ್ಲಿ. ಆಸ್ಟ್ರಿಯಾದ ಬೆಟ್ಟಗಳಲ್ಲಿ ಈ ಖರ್ಚು ಕಾಪಾಡಿಸಿಕೊಂಡವರದೇ. ಥರ್ಡ್ ಪಾರ್ಟಿ ಕೊಡುವುದಿಲ್ಲ, ಯಾಕೆಂದರೆ ನಷ್ಟ ಬೇರೆಯವರದಲ್ಲ. ಆರೋಗ್ಯ ವಿಮೆ ಕೊಡುವುದಿಲ್ಲ, ಯಾಕೆಂದರೆ ಗಾಯವೇ ಇಲ್ಲ. ಉಳಿದದ್ದು ರಕ್ಷಣಾ ಪಾಲಿಸಿ. ಗಾಯ ಆಗದಿದ್ದರೂ ಖರ್ಚು ಕೊಡುತ್ತೇವೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನು ಕೊಂಡಿದ್ದೇ ಆ ಸಾಲಿಗಾಗಿ.

ಆದರೂ ಕಂಪನಿಯಿಂದ ಬಂದ ಪ್ರತಿ ಪತ್ರದಲ್ಲೂ ಒಂದೇ ಮಾತು: ಡಾಕ್ಟರ್ ವರದಿ ಕಳಿಸಿ. ಗಾಯವೇ ಆಗದವನಿಗೆ ಯಾವ ಡಾಕ್ಟರ್ ವರದಿ ಕೊಡುತ್ತಾರೆ? ಫೋನ್ ಮಾಡಿದಾಗಲೆಲ್ಲ ಬೇರೆ ಯಾರೋ ಎತ್ತುತ್ತಿದ್ದರು, ಮೊದಲಿಂದ ಎಲ್ಲ ಹೇಳಬೇಕಿತ್ತು. ಅಷ್ಟರಲ್ಲಿ ಬಿಲ್‌ನ ಗಡುವು ಬಂತು. ಊರಿಗೆ ಹೋಗಲು ಕೂಡಿಟ್ಟಿದ್ದ ದುಡ್ಡಿನಿಂದ ಕಟ್ಟಿದೆ. ಸಿಟ್ಟಿಗಿಂತ ಬೇಜಾರು ಜಾಸ್ತಿ ಆಯಿತು.

ಕೊನೆಗೆ ನೆರವಾದವರು ಫ್ಲೈ-ಇನ್ ನಡೆಸಿದವರು. ಆ ದಿನದ ನೋಂದಣಿ ದಾಖಲೆ, ಘಟನೆಯ ಸಮಯ, ಜಾಗ ಎಲ್ಲ ಬರೆದು ಸಹಿ ಮಾಡಿ ಕಳಿಸಿದರು. ರಕ್ಷಣಾ ತಂಡ ತನ್ನ ಕಾರ್ಯಾಚರಣೆಯ ವರದಿ ಕೊಟ್ಟಿತು. ಆಮೇಲೆ ದುಡ್ಡು ಬಂತು, ಪಾಲಿಸಿಯ ಮಿತಿ ದಾಟಿದ ಭಾಗ ಬಿಟ್ಟು. ಹರಿದ ರೆಕ್ಕೆಯ ರಿಪೇರಿ ಪೂರ್ತಿ ನನ್ನದೇ.

ಬೆಂಗಳೂರಿನಿಂದ ಹಿಮಾಚಲ ಪ್ರದೇಶದ ಬೀರ್‌ಗೆ ಹೋಗಿ ಹಾರುವವರಿಗೂ ಇದನ್ನು ಹೇಳಬೇಕು. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಜಾಗ ಅದು. ಅಲ್ಲಿ ಬಿಲ್ಲಿಂಗ್ ಅನ್ನುವ ಕಡೆಯ ಟೇಕಾಫ್ ಜಾಗ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಹಿಂದೆ ಧೌಲಾಧಾರ್ ಪರ್ವತ ಸಾಲು. "ನನ್ನ ಹತ್ರ ಅಪಘಾತ ವಿಮೆ ಇದೆಯಲ್ಲ" ಅಂದರು ನಮ್ಮ ಭಾವ. ಅವರ ಪಾಲಿಸಿ ತೆಗೆಸಿ ನೋಡಿದೆ. ಟಿಕೆಟ್ ಕೊಂಡು ಪ್ರಯಾಣಿಕರಾಗಿ ಹೋದರೆ ಮಾತ್ರ ವಿಮಾನದ ಅಪಘಾತಕ್ಕೆ ಹಣ. ಭಾರತದ ಹೆಚ್ಚಿನ ಅಪಘಾತ ಪಾಲಿಸಿಗಳು ಹೀಗೇ. ತಾವೇ ರೆಕ್ಕೆ ಹಿಡಿದು ಹಾರುವವರು ಬೇರೆ ಪಾಲಿಸಿಯನ್ನೇ ಕೇಳಿ ಮಾಡಿಸಬೇಕು.

ಥರ್ಡ್ ಪಾರ್ಟಿಯನ್ನು ಅಲ್ಲೇ ಮುಂದುವರಿಸಿದ್ದೇನೆ. ರಕ್ಷಣಾ ಪಾಲಿಸಿಗೆ ಕಂಪನಿ ಬದಲಿಸಿದೆ. ಕೊಳ್ಳುವ ಮೊದಲೇ ಮೇಲ್‌ನಲ್ಲಿ ಕೇಳಿದೆ: ಗಾಯ ಇಲ್ಲದಿದ್ದರೆ ಯಾವ ಕಾಗದ ಬೇಕು, ಹುಡುಕಾಟದ ಖರ್ಚೂ ಸೇರುತ್ತದಾ, ಮಿತಿ ಎಷ್ಟು. ನೇರ ಉತ್ತರ ಬಂತು. ಪ್ರೀಮಿಯಂ ಮೊದಲಿಗಿಂತ ಜಾಸ್ತಿ, ಆದರೂ ಕೊಡುತ್ತೇನೆ. ನೋಂದಣಿ ಫಾರಂನಲ್ಲಿ ರಕ್ಷಣಾ ಪಾಲಿಸಿಗೂ ಒಂದು ಸಾಲು ಸೇರಿಸಿ ಅಂತ ನಮ್ಮ ಕ್ಲಬ್‌ಗೆ ಬರೆದಿದ್ದೇನೆ. ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ.