ಮನೆ ಮುಂದಿನ ಗಿಡಕ್ಕೆ ಹೋಗಿದ್ದ ನರ್ಸರಿ: ಎರಡು ಮಳೆಗಾಲ ಕಳೆದ ಮೇಲೆ

ತಂದ ದಿನ ಎಲ್ಲ ಗಿಡವೂ ಚೆಂದ. ಅದಕ್ಕೇ ಎರಡು ಮಳೆಗಾಲ ಕಳೆಯಲಿ ಅಂತ ಕಾದು ಈಗ ಬರೆಯುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. ಹೊಸ ಮನೆ, ಹಂಚಿನ ಮಾಡು, ಬಾಗಿಲ ಮೆಟ್ಟಿಲಿನ ಎರಡೂ ಕಡೆ ಬರೀ ಕೆಂಪು ಮಣ್ಣು. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ. ನಮಗೆ ಅಷ್ಟಿಲ್ಲದಿದ್ದರೂ ಜೂನ್ ಶುರುವಾದರೆ ಅಂಗಳ ಒಣಗುವುದು ಸೆಪ್ಟೆಂಬರ್ ಮೇಲೇ, ಆಮೇಲೆ ಬೇಸಿಗೆಯಲ್ಲಿ ನೋಡಿದರೆ ಬಾವಿಯ ತಳ ಕಾಣುತ್ತದೆ. ಎರಡನ್ನೂ ತಡೆದುಕೊಳ್ಳುವ ಗಿಡ ಬೇಕಿತ್ತು. ಮೊದಲ ವರ್ಷ ಪೇಟೆಯಲ್ಲಿ ಗಾಡಿ ಮೇಲೆ ಮಾರುತ್ತಿದ್ದ ಆರು ಗುಲಾಬಿ ತಂದಿದ್ದೆ, ಎಲೆಗೆಲ್ಲ ಕಪ್ಪು ಚುಕ್ಕೆ ಬಂದು ಉದುರಿ ಶ್ರಾವಣದ ಹೊತ್ತಿಗೆ ಆರು ಮುಳ್ಳುಕಡ್ಡಿ ಉಳಿದಿದ್ದವು.

ಈ ನರ್ಸರಿಗೆ ಬೋರ್ಡ್ ಇಲ್ಲ. ರಸ್ತೆ ಪಕ್ಕ ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಜಾಯಿಕಾಯಿ ಸಾಲಾಗಿಟ್ಟಿದ್ದಾರೆ. ಹೂವಿನ ಗಿಡ ಹಿಂದೆ ಒಂದು ಮೂಲೆಯಲ್ಲಿ, ಅದನ್ನು ನೋಡಿಕೊಳ್ಳುವುದು ಆ ಮನೆಯ ಅಮ್ಮ. ನಾನು ಹೋದ ಕೂಡಲೇ ಕೆಂಪಗೆ ತುಂಬಿ ಅರಳಿದ ಗಿಡದ ಕಡೆ ಕೈ ತೋರಿಸಿದೆ. ಅವರು ಬೆಲೆ ಹೇಳಲಿಲ್ಲ. "ನಿಮ್ಮನೆ ಸೂರಿನ ನೀರು ಎಲ್ಲಿ ಬೀಳ್ತದೆ ಮಾರಾಯ್ರೆ?" ಅಂದರು. ನನಗೆ ಗೊತ್ತಿರಲಿಲ್ಲ! ಬಿಸಿಲು ಬೆಳಗಿನದೋ ಸಂಜೆಯದೋ, ದನ ಇದೆಯಾ, ಮಂಗ ಬರುತ್ತದಾ ಅಂತ ಎಲ್ಲ ಕೇಳಿದರು. ಕಣಗಿಲೆ ಕೇಳಿದೆ, ಮನೆಯಲ್ಲಿ ಕರು ಇದೆ ಅಂದದ್ದಕ್ಕೆ ಕೊಡಲೇ ಇಲ್ಲ. ಅದು ಪೂರ್ತಿ ವಿಷ, ಎಲೆ ಬಾಯಿಗೆ ಹಾಕಿದರೆ ದನ ಉಳಿಯುವುದು ಕಷ್ಟ. ಬರುವ ದುಡ್ಡನ್ನು ಬೇಡ ಅನ್ನುವ ಅಂಗಡಿಯವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಕೊನೆಗೆ ತಂದದ್ದು ನಾಲ್ಕು ಗಿಡ್ಡ ಕೇಪಳ (ನರ್ಸರಿಗಳಲ್ಲಿ ಇಕ್ಸೋರಾ ಅನ್ನುತ್ತಾರೆ), ಎರಡು ನಂದಿಬಟ್ಟಲು, ಒಂದು ಕೆಂಪು ದಾಸವಾಳ, ಎರಡು ಕ್ರೋಟನ್. ಕೇಪಳ ಒಂದಕ್ಕೆ 80 ರೂಪಾಯಿ, ಉಳಿದವು ಅದಕ್ಕಿಂತ ಕಡಿಮೆ. ಚೌಕಾಸಿಗೆ ಒಪ್ಪಲಿಲ್ಲ, ಆದರೆ ಒಂದು ಕ್ರೋಟನ್ನಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ನೆಟ್ಟೆ.

ಪೂರ್ತಿ ಅಂಕ ನಂದಿಬಟ್ಟಲಿಗೆ. ಮೆಟ್ಟಿಲಿನ ಎಡಗಡೆ ಅರೆನೆರಳು, ಸದಾ ತೇವ, ಅಲ್ಲೇ ಹಾಕಿ ಮರೆತುಬಿಟ್ಟಿದ್ದೇನೆ. ಎಲೆ ಕಡುಹಸಿರು, ಬಿಳಿ ಹೂ ಹೆಚ್ಚುಕಡಿಮೆ ವರ್ಷವಿಡೀ. ಮಳೆಗಾಲದ ಕತ್ತಲಿನಲ್ಲಿ ಬಾಗಿಲು ತೆರೆದರೆ ಮೊದಲು ಕಾಣುವುದು ಅದೇ. ದೇವರಿಗೂ ಆಯಿತು.

ಕೇಪಳದ್ದೇ ದೊಡ್ಡ ಕತೆ. ಇದು ನಮ್ಮ ಗುಡ್ಡದಲ್ಲೇ ತಾನಾಗಿ ಬರುವ ಗಿಡ, ಏನಾಗುತ್ತದೆ ಅಂತ ಗೋಡೆಗೆ ಒತ್ತಿ ನೆಟ್ಟೆ. ಮೂರು ತಿಂಗಳಿಗೆ ಎಳೆ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು, ಎಲೆ ಮೇಲೆ ಯಾರೋ ಪೆನ್ನಿನಲ್ಲಿ ಗೆರೆ ಎಳೆದ ಹಾಗೆ. ಗೊಬ್ಬರ ಹಾಕಿದೆ, ಜಪ್ಪಯ್ಯ ಅನ್ನಲಿಲ್ಲ. ಸಿಟ್ಟಲ್ಲಿ ಒಂದು ಎಲೆ ಕಿತ್ತುಕೊಂಡು ಹೋಗಿ ನರ್ಸರಿ ಅಮ್ಮನ ಮುಂದೆ ಹಿಡಿದೆ. ನೋಡಿದ ಕೂಡಲೇ "ಹೊಸ ಗೋಡೆ ಬುಡದಲ್ಲಿ ಹಾಕಿದ್ರಾ?" ಅಂದರು. ಕೇಪಳಕ್ಕೆ ಹುಳಿ ಮಣ್ಣು ಬೇಕು. ಹೊಸ ಸಿಮೆಂಟಿನ ಸುಣ್ಣ ಮಳೆನೀರಿನ ಜೊತೆ ಬುಡಕ್ಕೆ ಇಳಿದರೆ ಆ ಹುಳಿ ಹೋಗುತ್ತದೆ, ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಅಗೆದು ನೋಡಿದರೆ ಗಾರೆಯವರು ಬಿಟ್ಟುಹೋದ ಸಿಮೆಂಟ್ ಹೆಂಟೆಗಳು ಒಂದು ಬುಟ್ಟಿ ಸಿಕ್ಕವು. ಗೋಡೆಯಿಂದ ಎರಡು ಅಡಿ ಈಚೆ ಗುಂಡಿ ತೆಗೆದು, ಬೆಟ್ಟದ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಮೇಲೆ ದರಗು, ಅಂದರೆ ಒಣಗಿದ ಎಲೆ, ಹಾಸಿದೆ. ಈಗ ಬೇಸಿಗೆಯಲ್ಲಿ ಎಲೆಯೇ ಕಾಣದಷ್ಟು ಗೊಂಚಲು. ನೆಡುವಾಗಲೇ ಈ ಮಾತು ಹೇಳಬಹುದಿತ್ತಲ್ವಾ ಅಂತ ಕೇಳಿದೆ, ನಕ್ಕರು ಅಷ್ಟೇ.

ಇನ್ನೊಂದು ದೂರು: ನಾಲ್ಕರಲ್ಲಿ ಒಂದು ಕೇಪಳ ಗಿಡ್ಡ ಜಾತಿಯದೇ ಅಲ್ಲ. ಮೂರು ಮೊಣಕಾಲಿಗೆ ನಿಂತಿವೆ, ಅದೊಂದು ನನ್ನ ಎದೆ ಮುಟ್ಟಿ ಕಿಟಕಿ ಇಣುಕುತ್ತಿದೆ. ಯಾವ ಗಿಡಕ್ಕೂ ಚೀಟಿ ಇಲ್ಲ, ಎಲ್ಲ ಅಮ್ಮನ ನೆನಪು. ಅಮ್ಮ ಊರಲ್ಲಿಲ್ಲದ ದಿನ ಹೋದರೆ ಅಲ್ಲಿರುವ ಹುಡುಗನಿಗೆ ಅಡಿಕೆ ಸಸಿ ಬಿಟ್ಟು ಬೇರೆ ಗೊತ್ತಿಲ್ಲ. ದಾಸವಾಳ ಬಹಳ ದಿನ ಪ್ಲಾಸ್ಟಿಕ್ ಕೊಟ್ಟೆಯಲ್ಲೇ ಇದ್ದು ಬೇರು ಸುರುಳಿ ಸುತ್ತಿಕೊಂಡಿತ್ತು, ಬಿಡಿಸಿ ನೆಡಬೇಕಾಯಿತು. ಕೊಳ್ಳುವಾಗ ಕೊಟ್ಟೆಯ ತಳ ಎತ್ತಿ ನೋಡಿ.

ದಾಸವಾಳ ಸುಮ್ನೆ ಬಿಟ್ಟರೆ ಆಗುವ ಗಿಡ ಅಲ್ಲ, ಇದನ್ನು ನೇರವಾಗಿಯೇ ಹೇಳುತ್ತೇನೆ. ಮಾರ್ಚ್ ಬಂದರೆ ಹಿಟ್ಟು ತಿಗಣೆ (ಬಿಳಿ ಹಿಟ್ಟಿನ ಹಾಗೆ ಅಂಟಿಕೊಂಡು ರಸ ಹೀರುವ ಹುಳ), ಅದರ ಹಿಂದೆ ಇರುವೆ ಸಾಲು. ಪೈಪಿನ ನೀರನ್ನು ಜೋರಾಗಿ ಹೊಡೆದು, ತೀರಾ ಹಿಡಿದ ತುದಿ ಕತ್ತರಿಸಿದರೆ ಸುಧಾರಿಸುತ್ತದೆ. ಮೊಗ್ಗು ಅರ್ಧ ಮಂಗನಿಗೆ. ಮೇಲಾಗಿ ಇದಕ್ಕೆ ದುಡ್ಡು ಕೊಟ್ಟದ್ದೇ ದಂಡ, ಪಕ್ಕದ ಮನೆಯಿಂದ ಕಡ್ಡಿ ತಂದು ಮಳೆಗಾಲದಲ್ಲಿ ಊರಿದ್ದರೂ ಬರುತ್ತಿತ್ತು.

ಕ್ರೋಟನ್ ಬಿಸಿಲಲ್ಲಿಟ್ಟದ್ದು ಕೆಂಪು ಹಳದಿ ಹೊಳೆಯುತ್ತಿದೆ, ಜಗಲಿ ನೆರಳಲ್ಲಿಟ್ಟದ್ದು ಬರೀ ಹಸಿರಾಗಿ ಕೂತಿದೆ. ಸೂರಿನ ನೀರು ಬೀಳುವ ಸಾಲಿನಲ್ಲಿ ಈಗ ಗಿಡವೇ ಇಲ್ಲ, ಜಲ್ಲಿ ಹಾಕಿದ್ದೇವೆ. ಅದೂ ಅಮ್ಮ ಹೇಳಿದ್ದೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವವರು ಮನೆ ಎದುರಿನ ಒಂದು ಫೋಟೋ ತೆಗೆದುಕೊಂಡು ಹೋಗಿ, ಬೆಳಿಗ್ಗೆಯೇ ಹೋಗಿ. ಮತ್ತೆ ಕೈಯಲ್ಲಿ ನೋಟು ಇರಲಿ, ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಫೋನ್‌ಪೇ ಮಾಡಲು ನಾನು ಗುಡ್ಡ ಹತ್ತಿ ಬಂದಿದ್ದೇನೆ.